ಮಂಡಿಪೇಟೆಯ ತಾಡಪಾಲು ಅಂಗಡಿ ಮತ್ತು ನಮ್ಮ ಹದಿನಾಲ್ಕು ಹಾಯಿಗಳು

ದಾವಣಗೆರೆಯ ಮಂಡಿಪೇಟೆಯ ಒಂದು ಅಡ್ಡರಸ್ತೆಯಲ್ಲಿ ಲಾರಿಗಳಿಗೆ ತಾಡಪಾಲು ಹೊಲಿದುಕೊಡುವ ಅಂಗಡಿಯೊಂದಿದೆ. ಕಳೆದ ಮೂರು ವರ್ಷಗಳಿಂದ ನಮ್ಮ ವಲಯದ ಆಪ್ಟಿಮಿಸ್ಟ್ ದೋಣಿ ಸಂಘದ, ಅಂದರೆ ಮಕ್ಕಳ ಹಾಯಿದೋಣಿ ಸಂಘದ, ಹಾಯಿಗಳ ರಿಪೇರಿ, ದೋಣಿಗಳ ಹೊದಿಕೆ, ಸ್ಪರ್ಧೆಯ ಬಾವುಟಗಳು, ನೀರಿನ ಮೇಲೆ ಇಳಿಬಿಡುವ ತೇಲುಗುರುತುಗಳು ಇವೆಲ್ಲದರ ಹೊಲಿಗೆಯನ್ನು ನಾವು ಈ ಅಂಗಡಿಗೇ ಕೊಡುತ್ತ ಬಂದಿದ್ದೇವೆ. ಸಂಘದ ಕಾರ್ಯದರ್ಶಿಯಾಗಿ ಆ ಚೀಲಗಳನ್ನು ಹೊತ್ತುಕೊಂಡು ಹೋಗಿ ಬರುವವನು ನಾನೇ ಆದ್ದರಿಂದ, ಏನನ್ನು ಅಲ್ಲಿ ಕೊಡಬಹುದು, ಏನನ್ನು ಕೊಡಬಾರದು ಎಂಬುದನ್ನು ಬರೆದಿಡುವುದು ಇಂಥದೇ ಸಣ್ಣ ಸಂಘ ನಡೆಸುವವರಿಗೆ ಉಪಯೋಗವಾದೀತೆಂದು ಭಾವಿಸಿದ್ದೇನೆ. ಅಂಗಡಿಯ ಹೆಸರನ್ನು ಮಾತ್ರ ಹಾಕುತ್ತಿಲ್ಲ. ಯಜಮಾನರೇ ಬೇಡ ಎಂದರು. "ಈಗ ಇರೋ ಕೆಲಸಾನೇ ಮುಗಿಯಂಗಿಲ್ಲ ಸಾರ್" ಎಂಬುದು ಅವರು ಕೊಟ್ಟ ಕಾರಣ.

ದಾವಣಗೆರೆಯಲ್ಲಿ ಹಾಯಿದೋಣಿಯೇ ಎಂದು ಕೇಳದವರಿಲ್ಲ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ದಶಕಗಳಿಂದ ಹಾಯಿದೋಣಿ ಸ್ಪರ್ಧೆಗಳು ನಡೆಯುತ್ತಿವೆ. ಭೋಪಾಲದ ಕೆರೆಯಲ್ಲಿ ತರಬೇತಿ ಪಡೆದ ನೇಹಾ ಠಾಕೂರ್ 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಐಎಲ್‌ಸಿಎ 4 ಎಂಬ, ಒಬ್ಬರೇ ನಡೆಸುವ ಹಾಯಿದೋಣಿಯ ವರ್ಗದಲ್ಲಿ ಬೆಳ್ಳಿ ಗೆದ್ದರು. ಸಮುದ್ರ ಇಲ್ಲದಿದ್ದರೂ ನೀರು ಮತ್ತು ಗಾಳಿ ಇದ್ದರೆ ಸಾಕು. ನಮ್ಮ ಮಕ್ಕಳು ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದಲ್ಲಿ, ಅಂದರೆ ಹಳಬರು ಇಂದಿಗೂ ಮಾರಿಕಣಿವೆ ಎಂದೇ ಕರೆಯುವ ಜಲಾಶಯದಲ್ಲಿ, ದೋಣಿ ನಡೆಸುತ್ತಾರೆ. ಗಾಳಿಗೇನೂ ಕೊರತೆಯಿಲ್ಲ ಎಂಬುದಕ್ಕೆ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಸಾಕ್ಷಿ. ಮುಂಗಾರಿನ ಗಾಳಿ ಎದ್ದ ಮೇಲೆ ಪ್ರತಿ ಭಾನುವಾರವೂ ಏನಾದರೊಂದು ಹರಿದುಕೊಂಡೇ ದಡಕ್ಕೆ ಬರುತ್ತದೆ.

ಹರಿಯುವುದಕ್ಕೆ ಗಾಳಿಯೊಂದೇ ಕಾರಣವಲ್ಲ. 1907ರಲ್ಲಿ ಕಟ್ಟಿ ಮುಗಿದ ಈ ಅಣೆಕಟ್ಟು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ ಎಂಬತ್ತೊಂಬತ್ತು ವರ್ಷಗಳ ಮೇಲೆ. ಅಷ್ಟು ಕಾಲ ಒಣಗಿದ್ದ ಅಂಚಿನಲ್ಲಿ ಬೆಳೆದು ನಿಂತಿದ್ದ ಜಾಲಿಯ ಪೊದೆಗಳು ನೀರು ಏರಿದಾಗ ಮುಳುಗಿದವು. ದಡದ ಹತ್ತಿರ ದೋಣಿ ಮಗುಚಿದರೆ ಹಾಯಿ ನೇರವಾಗಿ ಆ ಮುಳ್ಳುಗಳ ಮೇಲೆಯೇ ಹಾಸಿಕೊಳ್ಳುತ್ತದೆ. ನಮ್ಮ ಸಂಘದ ಹೊಲಿಗೆಯ ಖರ್ಚಿನಲ್ಲಿ ಅರ್ಧದಷ್ಟು ಈ ಜಾಲಿಮುಳ್ಳಿನ ಲೆಕ್ಕ ಎಂದರೆ ಉತ್ಪ್ರೇಕ್ಷೆಯಾಗದು.

ದೋಣಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಪ್ಟಿಮಿಸ್ಟ್ ಎನ್ನುವುದು ಹದಿನೈದರೊಳಗಿನ ಮಕ್ಕಳು ಒಬ್ಬೊಬ್ಬರೇ ನಡೆಸುವ ಪೆಟ್ಟಿಗೆಯಾಕಾರದ ಪುಟ್ಟ ದೋಣಿ, ಉದ್ದ 2.3 ಮೀಟರ್, ಒಡಲಿನ ತೂಕ 35 ಕೆ.ಜಿ., ಸುಮಾರು 3.3 ಚದರ ಮೀಟರಿನ ಒಂದೇ ಹಾಯಿ. ಆ ಹಾಯಿಯ ಮೇಲಿನ ಮೂಲೆಯನ್ನು ಸ್ಪ್ರಿಟ್ ಎನ್ನುವ ಓರೆಗೋಲೊಂದು ಎತ್ತಿ ಹಿಡಿದಿರುತ್ತದೆ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬುವರು ಇದನ್ನು ರೂಪಿಸಿದಾಗ, ಅಗ್ಗವಾಗಿರಬೇಕು, ಮರದ ಅಂಗಡಿಯಲ್ಲಿ ಸಿಗುವ ಎಂಟಡಿ ಪ್ಲೈವುಡ್ ಹಲಗೆಯಿಂದಲೇ ಮಾಡಲು ಬರಬೇಕು ಎಂಬುದು ಅವರ ಮುಂದಿದ್ದ ಷರತ್ತು. ದೋಣಿಯ ಉದ್ದ ಎಂಟಡಿಗೆ ಸ್ವಲ್ಪ ಕಡಿಮೆಯಿರುವುದು ಅದಕ್ಕೇ. ಊರಿನಲ್ಲಿ ಸಿಗುವ ಸಾಮಾನಿನಿಂದ ಹುಟ್ಟಿದ ದೋಣಿಯನ್ನು ಊರಿನಲ್ಲಿ ಸಿಗುವ ಕೈಗಳಿಂದಲೇ ಉಳಿಸಿಕೊಳ್ಳಲು ಆಗದೇ ಎಂಬ ಯೋಚನೆ ನನಗೆ ಬಂದದ್ದೂ ಇದರಿಂದಲೇ. ಆದರೆ ಈಗ ಇದು ಲೋಕವ್ಯಾಪಿ ವರ್ಗ. ಅಂತರರಾಷ್ಟ್ರೀಯ ಸಂಘದ ನಿಯಮಪುಸ್ತಕದಲ್ಲಿ ಹಾಯಿಯ ಪ್ರತಿ ಅಂಚಿಗೂ ಅಳತೆ ಇದೆ, ಹಾಯಿಗೆ ಆ ಸಂಘದ ಗುರುತಿನ ಗುಂಡಿಯೊಂದನ್ನು, ಅಂದರೆ ಪುಟ್ಟ ಬಿಲ್ಲೆಯೊಂದನ್ನು, ಅಂಟಿಸಿರಬೇಕು, ಕಂಬಕ್ಕೆ ಕಟ್ಟಿದ ಹಾಯಿ ಆ ಕಂಬದಿಂದ 10 ಮಿಲಿಮೀಟರಿಗಿಂತ ಹೆಚ್ಚು ದೂರ ಸರಿದಿರಬಾರದು. ಹೊಲಿಯುವವರಿಗೆ ಇದೆಲ್ಲ ಗೊತ್ತಿರಬೇಕಾಗಿಲ್ಲ, ಆದರೆ ಹೊಲಿಸುವವರಿಗೆ ಗೊತ್ತಿರಲೇಬೇಕು.

ಮೊದಲ ಸಲ ನಾನು ಹೋದಾಗ ಕೈಯಲ್ಲಿದ್ದದ್ದು ಹಿಂದಿನ ಅಂಚಿನ ಪಟ್ಟಿಜೇಬಿನ (ಹಾಯಿ ಬಿಗಿಯಾಗಿ ನಿಲ್ಲಲು ಪಟ್ಟಿ ತೂರಿಸುವ ಜೇಬು) ಪಕ್ಕದಲ್ಲಿ ಒಂದು ಗೇಣು ಹರಿದಿದ್ದ ತರಬೇತಿಯ ಹಾಯಿ. ಕೆಟ್ಟರೂ ಪರವಾಗಿಲ್ಲ ಎಂದೇ ಅದನ್ನು ಆರಿಸಿಕೊಂಡಿದ್ದೆ. ಅಂಗಡಿಯ ಮುಂಭಾಗದಲ್ಲಿ ನೆಲದ ಮಟ್ಟಕ್ಕೆ ಹುದುಗಿಸಿದ ಹೊಲಿಗೆಯಂತ್ರ, ಅದರ ಸುತ್ತ ಹರಡಿಕೊಂಡ ಹಸಿರು ಕ್ಯಾನ್‌ವಾಸಿನ ಗುಡ್ಡೆ, ಮೇಣದ ವಾಸನೆ. ಅಂಗಡಿಯ ಹೊಲಿಗೆ ಮಾಸ್ಟರ್ ಹಾಯಿಯನ್ನು ಬಿಚ್ಚಿ, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಒಮ್ಮೆ ನೂಲಿನ ಉದ್ದಕ್ಕೆ, ಇನ್ನೊಮ್ಮೆ ಮೂಲೆಯಿಂದ ಮೂಲೆಗೆ ಜಗ್ಗಿದರು. "ಹಿಂಗ್ ಜಗ್ಗಿದ್ರೆ ಅಲ್ಲಾಡಂಗಿಲ್ಲ, ಮೂಲೆಗೆ ಜಗ್ಗಿದ್ರೆ ಬರತೈತಿ. ತೇಪೆ ಹಾಕೋ ತುಂಡೂ ಇದೇ ದಿಕ್ಕಿಗೆ ಕೂರಬೇಕಲ್ರೀ?" ಎಂದು ಕೇಳಿದರು. ಹಾಯಿ ಎಂಬ ವಸ್ತುವನ್ನು ಅದೇ ಮೊದಲು ಮುಟ್ಟಿದ ಮನುಷ್ಯ ಅರ್ಧ ನಿಮಿಷದಲ್ಲಿ ಈ ಮಾತಿಗೆ ಬಂದದ್ದನ್ನು ನೋಡಿ ನಾನು ಚೀಲದಲ್ಲಿದ್ದ ಎರಡನೆಯ ಹಾಯಿಯನ್ನೂ ಹೊರಗೆ ತೆಗೆದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದ ಊರಿದು. ಬಟ್ಟೆಯ ಹಾಸುಹೊಕ್ಕು ನೋಡುವ ಬೆರಳು ಇಲ್ಲಿ ಇನ್ನೂ ಉಳಿದಿದೆ.

ತೊಡಕು ಬಂದದ್ದು ಹೊಲಿಗೆಯ ಬಗೆಯಲ್ಲಿ. ತಾಡಪಾಲಿಗೆ ಹಾಕುವುದು ನೇರ ಹೊಲಿಗೆ. ಹಾಯಿಯ ಬಟ್ಟೆ ಬಿಗಿಯಾಗಿ ನೇಯ್ದ ಪಾಲಿಯೆಸ್ಟರ್. ಅದರ ಮೇಲೆ ಸೂಜಿ ಒಂದೇ ಗೆರೆಯಲ್ಲಿ ತೂತು ಹೊಡೆಯುತ್ತ ಹೋದರೆ ಅಂಚೆಚೀಟಿಯ ಹಾಳೆಯಂತೆ ಆ ಗೆರೆಯಲ್ಲೇ ಹರಿಯುವ ಭಯವಿರುತ್ತದೆ. ಅಲ್ಲದೆ ಗಾಳಿ ತುಂಬಿದಾಗ ಬಟ್ಟೆ ಹಿಗ್ಗುತ್ತದೆ, ನೇರ ಹೊಲಿಗೆಯ ದಾರ ಹಿಗ್ಗದೆ ಕಡಿದುಹೋಗುತ್ತದೆ. ಅಂಕುಡೊಂಕಾದ ಹೊಲಿಗೆಯೇ ಬೇಕು. ಈ ಮಾತು ಹೇಳಿದಾಗ ಮಾಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಪಿಕೋ" ಎಂದರು. ಪಕ್ಕದ ಮಳಿಗೆಯಲ್ಲಿ ಅವರ ಅತ್ತಿಗೆಯವರು ಸೀರೆಗಳಿಗೆ ಪಿಕೋ ಮತ್ತು ಫಾಲ್ಸ್ ಹಾಕುತ್ತಾರೆ. ಸೀರೆಯ ಅಂಚಿಗೆ ಓಡಾಡುವ ಆ ಯಂತ್ರ ಮಾಡುವುದು ಅದೇ ಅಂಕುಡೊಂಕು ಹೊಲಿಗೆಯನ್ನು. ಸೂಜಿಯನ್ನು ದಪ್ಪದ್ದಕ್ಕೆ ಬದಲಾಯಿಸಿ, ಹೊಲಿಗೆಯ ಅಗಲ ಹೆಚ್ಚಿಸಿ, ಮೊದಲು ಒಂದು ಚಿಂದಿಯ ಮೇಲೆ ಓಡಿಸಿ ನೋಡಿದರು. ಒಂದೆರಡು ಪದರದ ಮೇಲೆ ಯಂತ್ರ ಹಗುರವಾಗಿ ಓಡಿತು. ಪದರದ ಮೇಲೆ ಪದರ ಹಾಕಿ ಗಟ್ಟಿ ಮಾಡಿದ ಮೂಲೆಗಳ ಮೇಲೆ ಮಾತ್ರ ಸೂಜಿ ಮುರಿಯಿತು. ಅಂದಿನಿಂದ ನಮ್ಮ ಕೆಲಸ ಎರಡು ಮಳಿಗೆಗಳಲ್ಲಿ ನಡೆಯುತ್ತದೆ: ಬಟ್ಟೆಯ ನಡುವಿನ ಹರಕು ಮತ್ತು ಕೂಡುಹೊಲಿಗೆ ಅತ್ತಿಗೆಯವರ ಪಿಕೋ ಯಂತ್ರದಲ್ಲಿ, ದಪ್ಪ ಮೂಲೆಗಳು ಮಾಸ್ಟರ್ ಅವರ ತಾಡಪಾಲು ಯಂತ್ರದಲ್ಲಿ ಮೂರು ಸಾಲಿನ ನೇರ ಹೊಲಿಗೆಯಾಗಿ. ಮೂಲೆಯ ಭಾಗ ಹಿಗ್ಗದಷ್ಟು ಗಟ್ಟಿಯಾಗಿರುವುದರಿಂದ ಅಲ್ಲಿ ನೇರ ಹೊಲಿಗೆ ಮೂರು ವರ್ಷವಾದರೂ ನಿಂತಿದೆ.

ದಾರವನ್ನು ನಾವೇ ಕೊಡುತ್ತೇವೆ. ಮೊದಲ ತಿಂಗಳು ಅವರ ಬಳಿಯಿದ್ದ ನೈಲಾನ್ ದಾರ ಬಳಸಿದೆವು. ಬಿಸಿಲಿಗೆ ಅದು ಬೇಗ ಸೋತಿತು. ಈಗ ಪಾಲಿಯೆಸ್ಟರ್ ದಾರದ ಉಂಡೆಗಳನ್ನು ಸಂಘವೇ ಕೊಂಡು ಅಂಗಡಿಯಲ್ಲಿ ಒಂದು ಡಬ್ಬಿಯಲ್ಲಿಟ್ಟಿದೆ. ಆ ಡಬ್ಬಿಯ ದಾರ ಒಮ್ಮೆಯೂ ಬೇರೆ ಗಿರಾಕಿಯ ಕೆಲಸಕ್ಕೆ ಹೋಗಿಲ್ಲ. ಇದು ಚಿಕ್ಕ ಸಂಗತಿಯಲ್ಲ.

ತಪ್ಪುಗಳನ್ನೂ ಹೇಳಬೇಕು. ಹಾಯಿಯನ್ನು ಕಂಬಕ್ಕೆ ಕಟ್ಟುವ ದಾರ ಹಾಯಲು ಅಂಚಿನುದ್ದಕ್ಕೂ ಚಿಕ್ಕ ಲೋಹದ ಕಣ್ಣುಗಳಿರುತ್ತವೆ. ಒಂದು ಕಣ್ಣು ಕಿತ್ತುಹೋಗಿದ್ದ ಹಾಯಿಗೆ ಮಾಸ್ಟರ್ ಲಾರಿ ತಾಡಪಾಲಿನ ಹಿತ್ತಾಳೆಯ ರಿಂಗು ಹೊಡೆದುಕೊಟ್ಟರು. ಬೆರಳು ತೂರುವಷ್ಟು ದೊಡ್ಡದು. ಅದರಲ್ಲಿ ಕಟ್ಟಿದ ದಾರ ಎಷ್ಟು ಬಿಗಿದರೂ ಸರಿದಾಡಿ, ಆ ಜಾಗದಲ್ಲಿ ಹಾಯಿ 10 ಮಿಲಿಮೀಟರಿನ ಮಿತಿಯನ್ನು ದಾಟುತ್ತಿತ್ತು. ಅಳತೆಪಟ್ಟಿ ಹಿಡಿದು ತೋರಿಸಿದಾಗ ವಾದ ಮಾಡಲಿಲ್ಲ. ಲೇತ್ ಕೆಲಸದವರೊಬ್ಬರಿಂದ ಚಿಕ್ಕ ಅಚ್ಚು ಮಾಡಿಸಿ, ಚರ್ಮದ ಸಾಮಾನಿನ ಅಂಗಡಿಯಿಂದ ಚಿಕ್ಕ ಐಲೆಟ್ ತರಿಸಿ, ಹದಿನೈದು ದಿನಗಳಲ್ಲಿ ಸರಿಪಡಿಸಿದರು; ಅಚ್ಚಿನ ಖರ್ಚಿನಲ್ಲಿ ಅರ್ಧವನ್ನು ಮಾತ್ರ ನಮ್ಮಿಂದ ತೆಗೆದುಕೊಂಡರು. ಇನ್ನೊಮ್ಮೆ ಕೆಳಮೂಲೆಗೆ ತೇಪೆ ಹಾಕುವಾಗ ಅಂತರರಾಷ್ಟ್ರೀಯ ಸಂಘದ ಗುಂಡಿಯ ಮೇಲೆಯೇ ತೇಪೆ ಬರುವಂತೆ ಗುರುತು ಹಾಕಿಕೊಂಡಿದ್ದರು. ಗುಂಡಿ ಮುಚ್ಚಿದರೆ ಆ ಹಾಯಿ ಯಾವ ಸ್ಪರ್ಧೆಯಲ್ಲೂ ಅಳತೆಗೆ ನಿಲ್ಲದು. ಇದರಲ್ಲಿ ತಪ್ಪು ನನ್ನದು, ನಾನು ಹೇಳಿರಲಿಲ್ಲ. ಈಗ ಚೀಲಕ್ಕೆ ಹಾಕುವ ಮೊದಲೇ ಗುಂಡಿಯ ಸುತ್ತ ಸೀಮೆಸುಣ್ಣದಿಂದ ವೃತ್ತ ಬರೆದಿರುತ್ತೇವೆ.

ಬಾವುಟಗಳ ಕಥೆ ಬೇರೆ. ಸ್ಪರ್ಧೆಯ ಆರಂಭವನ್ನು ಬಾವುಟಗಳಿಂದಲೇ ನಡೆಸಬೇಕು. ಐದು ನಿಮಿಷ ಮೊದಲು ಯಾವ ಬಗೆಯ ದೋಣಿಗಳ ಸ್ಪರ್ಧೆ ಎಂದು ತೋರಿಸುವ ವರ್ಗದ ಬಾವುಟ ಏರುತ್ತದೆ, ನಾಲ್ಕು ನಿಮಿಷವಿದ್ದಾಗ ಸಿದ್ಧತೆಯ ಬಾವುಟ ಏರುತ್ತದೆ, ಒಂದು ನಿಮಿಷವಿದ್ದಾಗ ಅದು ಇಳಿಯುತ್ತದೆ, ಆರಂಭಕ್ಕೆ ವರ್ಗದ ಬಾವುಟವೂ ಇಳಿಯುತ್ತದೆ. ಯಾರಾದರೂ ಗೆರೆ ಮುಂಚೆಯೇ ದಾಟಿದ್ದರೆ ಬಿಳಿಯ ಮೇಲೆ ನೀಲಿ ಶಿಲುಬೆಯ ಎಕ್ಸ್ ಬಾವುಟ; ಇಡೀ ಸ್ಪರ್ಧೆಯನ್ನೇ ಕೈಬಿಡಬೇಕಾದರೆ ನೀಲಿ ಬಿಳಿ ಚೌಕಗಳ ಎನ್ ಬಾವುಟ. ಚಿತ್ರದ ಹಾಳೆ ಕೊಟ್ಟು ಬಂದಿದ್ದೆ. ಎನ್ ಬಾವುಟದ ಹದಿನಾರು ಚೌಕಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಅತ್ತಿಗೆಯವರು ಕೌದಿಯ ಹಾಗೆ ಕೂಡಿಸಿಕೊಟ್ಟರು. ಆದರೆ ಸ್ಪರ್ಧೆ ಮುಂದಕ್ಕೆ ಹಾಕುವಾಗ ಏರಿಸುವ ಕೆಂಪು ಬಿಳಿ ಪಟ್ಟೆಗಳ ಎಪಿ ಬಾವುಟ, ಕಂಬದಿಂದ ದೂರ ಹೋದಂತೆ ಕಿರಿದಾಗಬೇಕಾದದ್ದು, ಕರವಸ್ತ್ರದಂತೆ ಆಯತಾಕಾರವಾಗಿ ಬಂತು. ಹೀಗೇಕೆ ಎಂದು ಕೇಳಿದರೆ, "ಓರೆ ಕತ್ತರಿಸಿದ್ರೆ ಬಟ್ಟೆ ದಂಡ ಆಗತೈತಿ ಸಾರ್, ಪಟ್ಟೆ ಐದೂ ಐದಾವು, ಎಣಿಸ್ಕೋರಿ" ಎಂದರು. ಪಟ್ಟೆಗಳು ಐದೇ ಇದ್ದವು. ಆ ಬಾವುಟ ಈಗಲೂ ನಮ್ಮ ಪೆಟ್ಟಿಗೆಯಲ್ಲಿದೆ; ಮಕ್ಕಳು ಅದಕ್ಕೆ ದಾವಣಗೆರೆ ಎಪಿ ಎಂದು ಹೆಸರಿಟ್ಟಿದ್ದಾರೆ. ಓರೆಯಾಗಿ ಕತ್ತರಿಸಿದ ಎರಡನೆಯದನ್ನು ಮಜೂರಿ ಇಲ್ಲದೆ ಹೊಲಿದುಕೊಟ್ಟರು.

ಹಣಕ್ಕೆ ಹೆಚ್ಚಿನ ಬೆಲೆ ಸಿಕ್ಕಿದ್ದು ಯಾವುದರಲ್ಲಿ ಎಂದರೆ ತೇಲುಗುರುತು ಮತ್ತು ಹೊದಿಕೆಗಳಲ್ಲಿ. ಸ್ಪರ್ಧೆಯ ದಾರಿಯಲ್ಲಿ ದೋಣಿಗಳು ಸುತ್ತಿ ಬರಬೇಕಾದ ಗುರುತುಗಳನ್ನು ಹೊರಗಿನಿಂದ ತರಿಸುವುದು ನಮ್ಮಂಥ ಸಂಘಕ್ಕೆ ಹೊರೆ. ಮಾಸ್ಟರ್ ಅವರೇ ಒಂದು ಉಪಾಯ ಹೇಳಿದರು: ಮೂರು ಹಳೆಯ ಲಾರಿ ಟ್ಯೂಬುಗಳನ್ನು ಒಂದರ ಮೇಲೊಂದು ಪೇರಿಸಿ, ಕಿತ್ತಳೆ ಬಣ್ಣದ ಪಿವಿಸಿ ಬಟ್ಟೆಯ ಕೊಳವೆಯಾಕಾರದ ಗವಸಣಿಗೆ ತೂರಿಸಿ, ಕೆಳಗೆ ಮರಳಿನ ಚೀಲ ಕಟ್ಟಲು ನಾಲ್ಕು ಕುಣಿಕೆ ಹಾಕುವುದು. ಗವಸಣಿ ಹರಿದರೂ ಟ್ಯೂಬು ತೇಲುತ್ತದೆ. ಒಂದು ಟ್ಯೂಬಿನ ಗಾಳಿ ಹೋದರೂ ಇನ್ನೆರಡು ಇರುತ್ತವೆ. ಒಂದಕ್ಕೆ ಮಜೂರಿ ಮತ್ತು ಬಟ್ಟೆ ಸೇರಿ 1,400 ರೂಪಾಯಿ ಬಿತ್ತು. ಆರು ಮಾಡಿಸಿದೆವು, ಆರೂ ಬಳಕೆಯಲ್ಲಿವೆ. ದೋಣಿಯ ಹೊದಿಕೆಗೆ 1,850 ರೂಪಾಯಿ ತೆಗೆದುಕೊಳ್ಳುತ್ತಾರೆ. ಹಿರಿಯೂರಿನ ಬಿಸಿಲು ಮತ್ತು ಧೂಳಿನಲ್ಲಿ ಮೊದಲ ವರ್ಷದ ಹೊದಿಕೆಗಳ ಬಣ್ಣ ಮಾಸಿದೆಯೇ ಹೊರತು ಹೊಲಿಗೆ ಬಿಟ್ಟಿಲ್ಲ. ಹಾಯಿಯ ಸಾಮಾನ್ಯ ಹರಕಿಗೆ 150ರಿಂದ 300 ರೂಪಾಯಿ. ಮುಳ್ಳಿನ ಚಿಕ್ಕ ತೂತುಗಳನ್ನು ಅವರು ತೆಗೆದುಕೊಳ್ಳುವುದೇ ಇಲ್ಲ, ಅಂಟುಪಟ್ಟಿ ಸಾಕು ಎಂದು ವಾಪಸು ಕಳಿಸುತ್ತಾರೆ.

ಅಂಗಡಿಯ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಇನ್ನೊಂದು ಘಟನೆ. ಕಳೆದ ವರ್ಷ ನಮ್ಮ ಸದಸ್ಯರೊಬ್ಬರು, ಮಗಳ ಸ್ಪರ್ಧೆಯ ಹಾಯಿಯ ಹೊಟ್ಟೆ ಇನ್ನಷ್ಟು ತುಂಬಿಕೊಳ್ಳುವಂತೆ ಮುಂದಿನ ಅಂಚನ್ನು ಬಿಚ್ಚಿ ಮತ್ತೆ ಕತ್ತರಿಸಿ ಹೊಲಿಸಬೇಕೆಂದು, ಸಂಘಕ್ಕೆ ತಿಳಿಸದೆ ನೇರವಾಗಿ ಅಲ್ಲಿಗೆ ಹೋದರು. ಎರಡು ಪಟ್ಟು ಮಜೂರಿ ಕೊಡುವುದಾಗಿಯೂ ಹೇಳಿದರಂತೆ. ಮಾಸ್ಟರ್ ಒಪ್ಪಲಿಲ್ಲ. "ಹರಿದಿದ್ದು ಹೊಲಿತೀನಿ ಅಣ್ಣಾವ್ರೆ, ಅಳತಿ ಬದಲು ಮಾಡೋದು ನನ್ ಕೈಯಾಗ ಇಲ್ಲ. ಆಗತೈತಿ ಅಂತ ಸುಳ್ಳು ಹೇಳಿ ಹುಡುಗಿ ಬಟ್ಟಿ ಯಾಕ್ ಕೆಡಿಸಲಿ?" ಎಂದು ಚಹಾ ಕೊಟ್ಟು ಕಳಿಸಿದರು. ಆ ಸದಸ್ಯರು ಹಾಯಿಯನ್ನು ಬೇರೊಂದು ಊರಿನ, ದೋಣಿಯ ಸಾಮಾನನ್ನೇ ಮಾರುವ ಒಬ್ಬರಿಗೆ ಕಳಿಸಿದರು. ಅಲ್ಲಿ ಎಲ್ಲವೂ ಆಗುತ್ತದೆ ಎಂದರು, ಮುಂಗಡವನ್ನೂ ಪಡೆದರು, ಏಳು ವಾರ ಇಟ್ಟುಕೊಂಡರು. ತಿರುಗಿ ಬಂದ ಹಾಯಿಯನ್ನು ನಮ್ಮ ಅಳತೆಯ ಮೇಜಿನ ಮೇಲೆ ಹಾಸಿದಾಗ ಮುಂದಿನ ಅಂಚು ನಿಯಮದ ಮಿತಿಯನ್ನು ಮೀರಿತ್ತು. ಆ ಹುಡುಗಿ ಆ ಋತುವನ್ನು ಸಂಘದ ತರಬೇತಿಯ ಹಾಯಿಯಲ್ಲಿ, ಅಂದರೆ ಮೊದಲ ದಿನ ಮಾಸ್ಟರ್ ತೇಪೆ ಹಾಕಿದ್ದ ಅದೇ ಹಾಯಿಯಲ್ಲಿ, ಕಳೆದಳು.

ಆ ಪ್ರಸಂಗದ ನಂತರ ಕಾರ್ಯಕಾರಿ ಸಮಿತಿಯಲ್ಲಿ ಒಂದು ಪದ್ಧತಿ ಮಾಡಿಕೊಂಡೆವು. ಹಾಯಿಗಳನ್ನು ಪೋಷಕರು ಒಬ್ಬೊಬ್ಬರಾಗಿ ಅಂಗಡಿಗೆ ಒಯ್ಯುವುದಿಲ್ಲ. ಭಾನುವಾರ ದಡದಲ್ಲೇ ಹರಿದ ಜಾಗಕ್ಕೆ ಚೀಟಿ ಕಟ್ಟಿ, ಹಾಯಿಯ ಸಂಖ್ಯೆ, ಏನಾಗಿದೆ, ಏನನ್ನು ಮುಟ್ಟಬಾರದು ಎಂದು ವಹಿಯಲ್ಲಿ ಬರೆದು ನನಗೆ ಕೊಡುತ್ತಾರೆ. ಅಂಗಡಿಯಿಂದ ಬಂದ ಮೇಲೆ ಅಳತೆ ನೋಡುವವರು ಒಮ್ಮೆ ನೋಡಿ ಸಹಿ ಹಾಕುತ್ತಾರೆ. ಅಂಗಡಿಗೆ ಸಂಘ ಮೂರು ತಿಂಗಳಿಗೊಮ್ಮೆ ಒಟ್ಟಾಗಿ ಹಣ ಕೊಡುತ್ತದೆ, ಪೋಷಕರು ಸಂಘಕ್ಕೆ ಕಟ್ಟುತ್ತಾರೆ. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘವಾದ್ದರಿಂದ ವರ್ಷದ ಲೆಕ್ಕಪತ್ರ ಸಲ್ಲಿಸಬೇಕು, ಅದಕ್ಕೆ ಸರಿಯಾದ ಬಿಲ್ಲು ಬೇಕು. ಬಿಲ್ಲು ಕೇಳಿದಾಗ ಮುಖ ಸಣ್ಣದು ಮಾಡದ ಅಂಗಡಿ ಇದು. ಬಿಲ್ಲಿನಲ್ಲಿ ಮಾತ್ರ ಹಾಯಿ ಎನ್ನುವ ಪದ ಇನ್ನೂ ಬಂದಿಲ್ಲ. ಎಲ್ಲವೂ "ಬಿಳಿ ತಾಡಪಾಲು, ಸಣ್ಣದು" ಎಂದೇ ಇರುತ್ತದೆ. ನಮ್ಮ ಲೆಕ್ಕಪರಿಶೋಧಕರು ಮೊದಲ ವರ್ಷ ಇದನ್ನು ನೋಡಿ, ಸಂಘಕ್ಕೆ ಲಾರಿ ಯಾವಾಗ ಬಂತು ಎಂದು ಕೇಳಿದ್ದರು.

ದೊಡ್ಡ ಕೊರತೆ ಎಂದರೆ ಸಮಯ. ಮುಂಗಾರಿಗೆ ಮುಂಚೆ ಲಾರಿಯವರ ನೂಕುನುಗ್ಗಲು, ಮೆಕ್ಕೆಜೋಳದ ಕೊಯ್ಲಿನ ಕಾಲಕ್ಕೆ ರಾಶಿ ಹೊದಿಸುವ ರೈತರ ನೂಕುನುಗ್ಗಲು. ಮಳೆ ಮೋಡ ಕಂಡು ಓಡಿಬಂದ ರೈತನ ತಾಡಪಾಲನ್ನು ಪಕ್ಕಕ್ಕಿಟ್ಟು ಮಕ್ಕಳ ಆಟದ ಹಾಯಿ ಹೊಲಿಯಿರಿ ಎಂದು ಕೇಳುವ ಧೈರ್ಯ ನನಗಿಲ್ಲ, ಕೇಳಿದರೂ ಅವರು ಹೊಲಿಯುವವರಲ್ಲ. ಆದ್ದರಿಂದ ಜಲಾಶಯದಲ್ಲಿ ನಮ್ಮ ಗಾಳಿ ಜೋರಾಗುವ ವಾರಗಳು ಮತ್ತು ಅವರ ಕೈ ಬಿಡುವಿಲ್ಲದ ವಾರಗಳು ಒಂದರ ಮೇಲೊಂದು ಬೀಳುತ್ತವೆ. ಫೋನು ಮಾಡಿದರೆ ಎತ್ತುವುದಿಲ್ಲ; ಖುದ್ದಾಗಿ ಹೋಗಬೇಕು. ಹೊಸ ಸ್ಪರ್ಧಾಹಾಯಿ ಬೇಕಾದವರು, ಹಾಯಿಯ ಆಕಾರ ತಿದ್ದಿಸಬೇಕಾದವರು ಇಲ್ಲಿಗೆ ಬರುವುದರಲ್ಲಿ ಅರ್ಥವಿಲ್ಲ. ಅದು ಹಾಯಿ ತಯಾರಕರ ಕೆಲಸ, ಅದಕ್ಕೆ ತಗಲುವಷ್ಟು ತಗಲಲೇಬೇಕು. ಹರಿದ ಹಾಯಿ, ಚೀಲ, ಹೊದಿಕೆ, ಬಾವುಟ, ಗುರುತು ಇಷ್ಟಕ್ಕೆ ಮಾತ್ರ ನಾನು ಈ ಅಂಗಡಿಯನ್ನು ಹೇಳುತ್ತೇನೆ, ಅದೂ ಏಪ್ರಿಲ್ ಮುಗಿಯುವುದರೊಳಗೆ ಕೊಟ್ಟುಬಿಡುವವರಿಗೆ.

ಸದ್ಯ ನಮ್ಮ ಮೂರು ಹಾಯಿಗಳು ಅಲ್ಲಿವೆ. ನಿನ್ನೆ ಹೋಗಿ ಕೇಳಿದೆ, ಸೋಮವಾರ ಎಂದರು. ವಹಿಯಲ್ಲಿ ನಾನು ಗುರುವಾರ ಎಂದು ಬರೆದುಕೊಂಡಿದ್ದೇನೆ.